ರಬ್ಬರ್ ಹಾಲು ತುಂಬಿದ ಟಯರಲ್ಲಿ ಮುರಕಲ್ಲು ಗುಡ್ಡೆ

ಈ ಸಲ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಗುಡ್ಡೆ ದಾರಿಯನ್ನು ಸೈಕಲ್ಲಿನಲ್ಲಿ ಪೂರ್ತಿ ಒಂದು ಸುತ್ತು ಹೊಡೆದೆ. ಹೆಚ್ಚು ಕಡಿಮೆ ಏಳೂವರೆ ಕಿಲೋಮೀಟರ್. ಕಾಲು ನೆಲಕ್ಕೆ ಊರಿದ್ದು ಒಂದೇ ಸಲ, ದನ ಅಡ್ಡ ಬಂದಾಗ. ಪಂಚರ್ ಒಂದೂ ಇಲ್ಲ. ಮನೆಗೆ ಬಂದು ಹಿಂದಿನ ಟಯರಿನಿಂದ ಮುಳ್ಳು ಕೀಳುತ್ತಾ ಕೂತೆ. ಎಣಿಸಿದರೆ ಮೂವತ್ತರ ಮೇಲೆ ಇತ್ತು. ಒಂದೊಂದು ಕಿತ್ತಾಗಲೂ ತೂತಿನಿಂದ ಬಿಳಿ ಹಾಲು ಒಂದು ಹನಿ ಜಿನುಗುತ್ತದೆ. ಚಕ್ರ ಅರ್ಧ ಸುತ್ತು ತಿರುಗಿಸಿದರೆ ಅಲ್ಲೇ ಗಟ್ಟಿಯಾಗುತ್ತದೆ. ಆ ಹಾಲು ನಮ್ಮ ತೋಟದ ರಬ್ಬರ್ ಮರದ್ದೇ.

ಟ್ಯೂಬ್ ತೆಗೆದು ಟಯರಿಗೆ ರಬ್ಬರ್ ಹಾಲು ಹಾಕುತ್ತೇನೆ ಅಂದಾಗ "ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯಾ, ರಿಮ್ಮೇ ಹಾಳಾಗ್ತದೆ" ಅಂತ ಹೇಳಿದವರು ಈಗ ಬಾಟಲಿ ಹಿಡಿದುಕೊಂಡು ಮನೆಗೆ ಬರುತ್ತಿದ್ದಾರೆ. ಬಂದವರಿಗೆಲ್ಲ ಅದೇ ಕಥೆ ಹೇಳಿ ಸಾಕಾಯಿತು. ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಜಾಗ ಎಲ್ಲಿ ಅಂತ ಕೇಳುತ್ತೀರಿ. ಕಾಸರಗೋಡು ಪೇಟೆಯ ಅಂಚಿನಲ್ಲೇ. ವಿದ್ಯಾನಗರದಿಂದ ಉಳಿಯತ್ತಡ್ಕ, ಸೀತಾಂಗೋಳಿ ಕಡೆ ಹೋಗುವಾಗ ಎರಡೂ ಬದಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳು ಸಿಗುತ್ತವಲ್ಲ, ಅಂಥದ್ದೇ ಒಂದು. ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಅರ್ಧ ದಾರಿ ಊರಿನವರ ಗೇರು ಜಾಗದಲ್ಲಿ ಹೋಗುತ್ತದೆ. ಅವರು ನಮ್ಮ ಮೇಲೆ ವಿಶ್ವಾಸ ಇಟ್ಟು ಬಿಟ್ಟದ್ದು, ಅದನ್ನು ಕೆಡಿಸಬಾರದು. ನಮ್ಮ ಊರುಗಳ ಹೆಸರಲ್ಲೇ ಅಡ್ಕ, ಪದವು, ಪಾದೆ (ಎಲ್ಲ ಗುಡ್ಡೆ ಮೇಲಿನ ಬಯಲು, ಬಂಡೆಯ ಹೆಸರೇ) ಅಂತ ಇರುವಾಗ ಹುಡುಕುವವರಿಗೆ ಇಂಥ ಜಾಗಕ್ಕೆ ಬರಗಾಲ ಇಲ್ಲ.

ಮುರಕಲ್ಲಿನ ಮೇಲೆ ಸೈಕಲ್ ಓಡಿಸುವುದು ಬೇರೆ ಕಡೆಯ ಮಣ್ಣಿನ ದಾರಿಯ ಹಾಗೆ ಅಲ್ಲ. ಗಾಳಿ ಬಿಸಿಲಿಗೆ ಬಿದ್ದ ಕಲ್ಲು ಗಟ್ಟಿಯಾಗಿ, ಮೈಯೆಲ್ಲ ತೂತು ತೂತಾಗಿ, ತೂತಿನ ಅಂಚು ಚೂರಿಯ ಹಾಗೆ ಇರುತ್ತದೆ. ಟ್ಯೂಬ್ ಹಾಕಿದ ಟಯರಿನಲ್ಲಿ ಗಾಳಿ ಕಡಿಮೆ ಮಾಡಿದರೆ ಆ ಅಂಚಿಗೆ ಬಡಿದು ಟ್ಯೂಬ್ ಎರಡು ಕಡೆ ಕಚ್ಚಿ ಹೋಗುತ್ತದೆ. ಗಾಳಿ ಜಾಸ್ತಿ ಮಾಡಿದರೆ ಚರಳಿನ ಮೇಲೆ ಹಿಡಿತವೇ ಇಲ್ಲ, ಗೋಲಿ ಹರಡಿದ ನೆಲದಲ್ಲಿ ಓಡಿದ ಹಾಗೆ. ಇದರ ಮೇಲೆ ಚೂರಿಮುಳ್ಳು, ಕಾರೆಮುಳ್ಳು.

ನಾನು ಶುರು ಮಾಡಿದ್ದು ಮಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಹಾರ್ಡ್‌ಟೇಲ್‌ನಲ್ಲಿ, ಅಂದರೆ ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಗುಡ್ಡೆ ಸೈಕಲ್. ಇಪ್ಪತ್ತೇಳೂವರೆ ಇಂಚಿನ ಚಕ್ರ, ಕೊಟ್ಟದ್ದು 19,000. ಮೊದಲ ವರ್ಷ ಟ್ಯೂಬಿಗೆ ಸುರಿದ ದುಡ್ಡು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಒಂದಕ್ಕೆ 350ರ ಹಾಗೆ ಇಪ್ಪತ್ತಾರೋ ಇಪ್ಪತ್ತೇಳೋ ಟ್ಯೂಬು. ಪ್ಯಾಚ್ ಹಾಕಿದ್ದು ಬೇರೆ. ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಸಸ್ಪೆನ್ಶನ್) ಸರಿ ಇಲ್ಲ, ಅದಕ್ಕೇ ಹಿಡಿತ ಇಲ್ಲ ಅಂತ ಯಾರೋ ಹೇಳಿದರು. 14,000 ಕೊಟ್ಟು ಏರ್ ಫೋರ್ಕ್ ಹಾಕಿಸಿದೆ. ಕೈಗೆ ಸುಖವಾಯಿತು ನಿಜ. ಪಂಚರ್ ಮಾತ್ರ ಅಷ್ಟೇ, ಹತ್ತುವಾಗ ಜಾರುವುದೂ ಅಷ್ಟೇ. ಆ ದುಡ್ಡನ್ನು ಟಯರಿಗೆ ಹಾಕಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಕೊನೆಗೆ ಟ್ಯೂಬೇ ಬೇಡ ಅಂತ ಟ್ಯೂಬ್‌ಲೆಸ್ ಮಾಡಲು ಹೊರಟಾಗ ಮೊದಲು ಸಿಕ್ಕಿದ ತೊಂದರೆ ರಿಮ್. ನನ್ನದು ಟ್ಯೂಬ್‌ಲೆಸ್‌ಗೆ ಅಂತ ಮಾಡಿದ ರಿಮ್ ಅಲ್ಲ. ಪ್ಯಾಕಿಂಗ್ ಟೇಪ್ ಸುತ್ತಿ ನೋಡಿದೆ, ಒಂದು ವಾರದಲ್ಲಿ ಕಡ್ಡಿ ತೂತುಗಳಿಂದ ಗಾಳಿ ಹೋಯಿತು. ಕರೆಂಟ್ ಕೆಲಸದ ಟೇಪ್ ಇನ್ನೂ ಕೇಡು, ಬಿಸಿಲಿಗೆ ಅಂಟು ಕರಗಿ ಜಾರಿತು. ಕೊನೆಗೆ ಸರಿಯಾದ ಟೇಪನ್ನೇ ತರಿಸಿ, ಎಳೆದು ಹಿಡಿದು ಎರಡು ಸುತ್ತು ಹಾಕಿದೆ. ವಾಲ್ವಿಗೆ ಮಾತ್ರ ದುಡ್ಡು ಕೊಡಲಿಲ್ಲ. ಹಳೆ ಟ್ಯೂಬಿನ ವಾಲ್ವನ್ನು ಬುಡದ ರಬ್ಬರ್ ಸಮೇತ ದುಂಡಗೆ ಕತ್ತರಿಸಿ ಕೂರಿಸಿದೆ. ಕಾರಿನ ವಾಲ್ವಿನ ತರಹದ್ದೇ ಆದ ಕಾರಣ ಪಂಚರ್ ಅಂಗಡಿಯ ಕಂಪ್ರೆಸರ್ ನೇರ ಹಿಡಿಯುತ್ತದೆ. ಟಯರಿನ ಅಂಚಿಗೆ ಸೋಪು ನೀರು ಸವರಿ ಒಮ್ಮೆಲೇ ಗಾಳಿ ಬಿಟ್ಟರೆ ಟಯರಿನ ಅಂಚು ರಿಮ್ಮಿಗೆ ಕೂರುವ ಟಪ್ ಟಪ್ ಅಂತ ಎರಡು ಸದ್ದು. ಆ ಸದ್ದು ಕೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಳಗೆ ಹಾಕುವ ಸೀಲೆಂಟ್ (ತೂತು ಮುಚ್ಚುವ ದ್ರವ) ಮೊದಲು ರೆಡಿಮೇಡ್ ತಂದೆ. ಲೀಟರಿಗೆ ಎರಡು ಸಾವಿರದ ಹತ್ತಿರ. ಕೆಲಸ ಮಾಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿಗೆ ಎರಡು ತಿಂಗಳೂ ನಿಲ್ಲಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಒಣಗಿದ ಪೊರೆ ಮಾತ್ರ. ಆ ಪೊರೆಯನ್ನು ಎಳೆದು ಮೂಸಿ ನೋಡಿದೆ. ಪರಿಚಯದ ವಾಸನೆ. ಮನೆಯ ಹಿಂದೆ ಎಂಬತ್ತು ರಬ್ಬರ್ ಮರ ಇರುವವನಿಗೆ ಅದು ಗೊತ್ತಾಗದೆ ಇರುತ್ತದಾ?

ಅಲ್ಲಿಂದ ಶುರು. ಬೆಳಿಗ್ಗೆ ಟ್ಯಾಪಿಂಗ್ ಮಾಡುವ, ಅಂದರೆ ಮರ ಕೆತ್ತಿ ಹಾಲು ಇಳಿಸುವ ಅಣ್ಣನ ಹತ್ತಿರ ಒಂದು ಲೀಟರ್ ಹಾಲು ಇಸಕೊಂಡೆ. "ಟಯರಿಗಾ? ಹೊತ್ತು ಏರುವಾಗ ಮೊಸರಾಗ್ತದೆ ನೋಡಿ" ಅಂದರು. ಹಾಗೇ ಆಯಿತು. ಸಂಜೆಗೆ ಟಯರಿನೊಳಗೆ ಒಂದು ಮುದ್ದೆ, ಉರುಳಿಸಿದರೆ ಧಡ್ ಧಡ್ ಅಂತ ಬಡಿಯುತ್ತದೆ, ನಾತ ಬೇರೆ. ಹಾಲು ಒಡೆಯದ ಹಾಗೆ ಇಡಲು ಅಮೋನಿಯ ಬೇಕು, ಇದು ರಬ್ಬರ್ ಇರುವವರಿಗೆಲ್ಲ ಗೊತ್ತಿದ್ದದ್ದೇ. ನಾನು ಅವಸರದಲ್ಲಿ ಜಾಸ್ತಿ ಹಾಕಿದೆ, ಲೀಟರಿಗೆ ಅರುವತ್ತು ಎಂಎಲ್ ಇರಬೇಕು. ಹಾಲು ಚೆನ್ನಾಗಿಯೇ ಉಳಿಯಿತು. ಎರಡು ತಿಂಗಳ ನಂತರ ಬಿಚ್ಚಿದರೆ ವಾಲ್ವಿನ ಹಿತ್ತಾಳೆ ನೀಲಿ ಹಸಿರಾಗಿತ್ತು. ಟೇಪ್ ಎದ್ದ ಒಂದು ಜಾಗದಲ್ಲಿ ರಿಮ್ಮಿನ ಅಲ್ಯೂಮಿನಿಯಂ ಬಿಳಿ ಪುಡಿ ಬಿಟ್ಟಿತ್ತು. "ನಾವು ಹೇಳ್ಲಿಲ್ವಾ" ಅಂತ ಎಲ್ಲರೂ ಅಂದದ್ದು ಆಗಲೇ. ಅವರು ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಅಮೋನಿಯ ಹಿತ್ತಾಳೆಯನ್ನು ತಿನ್ನುತ್ತದೆ. ಆದರೆ ಅದಕ್ಕೆ ಹಾಲನ್ನೇ ಬಿಡಬೇಕಾಗಿಲ್ಲ, ಅಮೋನಿಯ ಅರ್ಧ ಮಾಡಿದರೆ ಸಾಕು. ಈಗ ಮೂವತ್ತರ ಆಸುಪಾಸು ಹಾಕುತ್ತೇನೆ. ಟೇಪ್ ಎಲ್ಲೂ ಎದ್ದಿರಬಾರದು. ಎರಡು ತಿಂಗಳಿಗೊಮ್ಮೆ ವಾಲ್ವಿನ ಪಿನ್ ಬದಲಿಸುತ್ತೇನೆ, ಅದಕ್ಕೆ ಹತ್ತು ರೂಪಾಯಿ. ಮೂರು ವರ್ಷ ಆಯಿತು, ಅದೇ ರಿಮ್. ಒಂದು ಮಾತು: ಅಮೋನಿಯ ಅಂಗಳದಲ್ಲೇ ಬೆರೆಸಿ, ಕೋಣೆಯೊಳಗೆ ಬೇಡ. ನಾನು ಒಮ್ಮೆ ಬಾಗಿಲು ಹಾಕಿ ಬೆರೆಸಿ ಕಣ್ಣು ಉರಿದು ಅರ್ಧ ದಿನ ಮಲಗಿದ್ದೆ.

ಮುಂದಿನದು ಅಳತೆ. ಬಟ್ಟೆಯಲ್ಲಿ ಸೋಸಿದ ಹಾಲು ಎರಡು ಪಾಲು, ನೀರು ಒಂದು ಪಾಲು, ಗ್ಲಿಸರಿನ್ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಗ್ಲಿಸರಿನ್ ಇಲ್ಲದಿದ್ದರೆ ಬೇಸಿಗೆಗೆ ಬೇಗ ಒಣಗುತ್ತದೆ. ಮೆಡಿಕಲ್ ಅಂಗಡಿಯ ಸಣ್ಣ ಬಾಟಲಿ ತಂದರೆ ದುಬಾರಿ, ಸಾಬೂನು ಮಾಡುವವರ ಹತ್ತಿರ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಾಲಿಗೆ ಬೆಲೆ ಹಿಡಿದರೂ ಲೀಟರಿಗೆ 200 ದಾಟುವುದಿಲ್ಲ. ಒಂದು ಟಯರಿಗೆ ಸಿರಿಂಜಿನಲ್ಲಿ ನೂರಿಪ್ಪತ್ತು ಎಂಎಲ್ ಹಾಕುತ್ತೇನೆ.

ಹಾಲು ಒಂದರಿಂದಲೇ ದೊಡ್ಡ ತೂತು ಮುಚ್ಚುವುದಿಲ್ಲ, ಒಳಗೆ ಪುಡಿ ಏನಾದರೂ ಬೇಕು. ಇದರಲ್ಲಿ ನಾನು ಮಾಡಿದ ಪ್ರಯೋಗ ಒಂದೆರಡಲ್ಲ. ಉಮಿ ಹಾಕಿದೆ, ನೀರು ಕುಡಿದು ಉಬ್ಬಿ ವಾಲ್ವ್ ಕಟ್ಟಿತು. ಕಾಳುಮೆಣಸಿನ ಪುಡಿ ನಿಜವಾಗಿ ಒಳ್ಳೆಯದು, ಚೆನ್ನಾಗಿ ಮುಚ್ಚುತ್ತದೆ. ಆದರೆ ಈಗಿನ ಮೆಣಸಿನ ಬೆಲೆಗೆ ಅಪ್ಪ ಒಪ್ಪಲಿಲ್ಲ. ಗೆರಟೆ (ತೆಂಗಿನ ಚಿಪ್ಪು) ಪುಡಿ ತಳಕ್ಕೆ ಇಳಿಯಿತು. ಕೊನೆಗೆ ಹಿಡಿಸಿದ್ದು ಟಯರ್ ರೀಟ್ರೇಡ್ ಮಾಡುವಲ್ಲಿ ಉಜ್ಜಿದಾಗ ಬೀಳುವ ಕಪ್ಪು ರಬ್ಬರ್ ಪುಡಿ. ಕೇಳಿದರೆ ಸುಮ್ನೆ ಕೊಡುತ್ತಾರೆ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಸಣ್ಣದನ್ನು ಮಾತ್ರ, ಲೀಟರಿಗೆ ಎರಡು ಚಮಚ. ಇದರ ಜೊತೆ ಇನ್ನೊಂದು ಸಾಮಾನು ಹಾಕುತ್ತೇನೆ. ಅಡುಗೆ ಮನೆಯದ್ದೇ. ಅದನ್ನು ಈಗ ಹೇಳುವುದಿಲ್ಲ. ಇನ್ನೂ ಒಂದು ಬೇಸಿಗೆ ನೋಡಿಕೊಂಡು ಹೇಳುತ್ತೇನೆ.

ಅಡಿಕೆ ಸಾಗಿಸುವ ಕೈಗಾಡಿಯ ಟ್ಯೂಬಿಗೂ ಇದನ್ನೇ ತುಂಬಿದೆ. ತಿಂಗಳಿಗೊಮ್ಮೆ ಪಂಚರ್ ಆಗುತ್ತಿದ್ದದ್ದು ಎರಡು ವರ್ಷದಿಂದ ಇಲ್ಲ. ಅಪ್ಪನಿಗೆ ನನ್ನ ಸೈಕಲ್ ಹುಚ್ಚಿನಲ್ಲಿ ಲಾಭ ಕಂಡದ್ದು ಅದೊಂದೇ. ಸ್ಕೂಟರಿಗೆ ಮಾತ್ರ ಹಾಕಬೇಡಿ. ನಿಲ್ಲಿಸಿದಲ್ಲಿ ಒಂದೇ ಕಡೆ ಗಟ್ಟಿಯಾದರೆ ಸ್ಪೀಡಿನಲ್ಲಿ ಚಕ್ರ ಅದುರುತ್ತದೆ. ಸಿಒಟು ಕಾರ್ಟ್ರಿಜ್‌ನಿಂದ (ಕಾರ್ಬನ್ ಡೈ ಆಕ್ಸೈಡ್ ತುಂಬಿದ ಸಣ್ಣ ಡಬ್ಬಿ) ಗಾಳಿ ತುಂಬುವುದೂ ಬೇಡ. ಗೆಳೆಯನೊಬ್ಬ ತುಂಬಿದ, ಹಾಲು ಅಲ್ಲೇ ಒಡೆಯಿತು. ರಬ್ಬರ್ ಶೀಟ್ ಮಾಡುವಾಗ ಆಸಿಡ್ ಹಾಕಿದ ಹಾಗೆಯೇ. ಪಂಪ್ ಹೊತ್ತುಕೊಂಡು ಹೋಗಿ.

ಈಗ ಓಡಿಸುವ ವಿಷಯ. ನನ್ನ ತೂಕ ಅರುವತ್ತೆಂಟು ಕಿಲೋ. ಟ್ಯೂಬ್ ಇದ್ದಾಗ ಗಾಳಿಯ ಒತ್ತಡವನ್ನು ಮೂವತ್ತೈದು ಪಿಎಸ್‌ಐಗಿಂತ ಕೆಳಗೆ ಇಳಿಸಲು ಧೈರ್ಯ ಇರಲಿಲ್ಲ. ಈಗ ಬೇಸಿಗೆಯಲ್ಲಿ ಮುಂದೆ ಇಪ್ಪತ್ತೊಂದು, ಹಿಂದೆ ಇಪ್ಪತ್ತನಾಲ್ಕು. ಮಳೆಗೆ ಎರಡರಲ್ಲೂ ಇನ್ನೂ ಮೂರು ಕಡಿಮೆ. ಟಯರ್ 2.35 ಇಂಚು ಅಗಲದ್ದು. ಇದೊಂದರಿಂದಲೇ ದಾರಿ ಬದಲಾಯಿತು. ಗುಡ್ಡೆ ಹತ್ತುವಲ್ಲಿ ಹಳೆ ಕಲ್ಲುಕೋರೆಯ ಪಕ್ಕ ಮೂರು ಮೆಟ್ಟಿಲ ಹಾಗೆ ಕಲ್ಲು ಇದೆ. ಎರಡು ವರ್ಷ ಅಲ್ಲಿ ಇಳಿದು ಸೈಕಲ್ ಎತ್ತಿದ್ದೇನೆ. ಟಯರ್ ಮೆತ್ತಗಾದ ಮೇಲೆ ಕಲ್ಲಿನ ತೂತಿಗೆ ಅಂಟಿಕೊಂಡ ಹಾಗೆ ಹತ್ತಿತು. ಮೊದಲ ಸಲ ಹತ್ತಿದಾಗ ಅಲ್ಲೇ ನಿಂತು ಕೂಗಿದೆ. ಕೆಳಗೆ ಗೇರುಬೀಜ ಹೆಕ್ಕುತ್ತಿದ್ದ ಅಕ್ಕ ಎಂತ ಆಯಿತೋ ಅಂತ ಓಡಿ ಬಂದರು.

ಮಳೆಗಾಲದಲ್ಲಿ ಕಲ್ಲಿನ ಬಣ್ಣ ನೋಡಬೇಕು. ಕಪ್ಪಾಗಿದ್ದರೆ ಪಾಚಿ. ಅಲ್ಲಿ ಬ್ರೇಕ್ ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು, ನೇರ ಹೋಗುತ್ತಿರಬೇಕು. ಕೆಂಪಾಗಿ ಕಾಣುವಲ್ಲಿ ಹಿಡಿತ ಉಂಟು. ದನಗಳು ದಿನಾ ನಡೆಯುವಲ್ಲಿ ಪಾಚಿ ಕಟ್ಟುವುದಿಲ್ಲ, ಹಾಗಾಗಿ ದನ ಹೋದ ದಾರಿಯೇ ನನ್ನ ದಾರಿ. ಅಕೇಶಿಯ ಮರದ ಕೆಳಗಿನ ಒದ್ದೆ ಎಲೆ ಕಪ್ಪು ಕಲ್ಲಿಗಿಂತ ಕೆಟ್ಟದು. ಅಲ್ಲಿ ಎರಡು ಸಲ ಬಿದ್ದಿದ್ದೇನೆ, ಒಮ್ಮೆ ಮಣಿಕಟ್ಟು ಊದಿ ಮೂರು ವಾರ ಸೈಕಲ್ ಮುಟ್ಟಲಿಲ್ಲ. ಹಳೆ ಕೋರೆಗಳ ಹತ್ತಿರ ತುಂಬಾ ಜಾಗ್ರತೆ ಬೇಕು. ಮಳೆಗೆ ನೀರು ತುಂಬಿ ಅಂಚಿನವರೆಗೆ ಬಂದಿರುತ್ತದೆ, ಹುಲ್ಲು ಬೆಳೆದು ಅಂಚು ಕಾಣುವುದಿಲ್ಲ. ಹೊಸಬರನ್ನು ಮಳೆಯಲ್ಲಿ ಆ ಬದಿಗೆ ನಾನು ಕರೆದುಕೊಂಡು ಹೋಗುವುದೇ ಇಲ್ಲ.

ಆದರೆ ಆಗಸ್ಟ್ ಕೊನೆಗೆ ಪದವಿನ ಮೇಲೆ ನಿಂತು ನೋಡಬೇಕು. ಕಲ್ಲಿನ ಪಳ್ಳಗಳಲ್ಲಿ ನೀರು, ಸುತ್ತ ಗೇಣುದ್ದದ ಗಿಡಗಳಲ್ಲಿ ನೀಲಿ ಹೂ, ನಡುವೆ ಬಿಳಿ ಗುಂಡಿಯ ಹಾಗಿನ ಹೂ. ಅಲ್ಲಿ ಹೂವಿನ ಮೇಲೆ ಚಕ್ರ ಹತ್ತಿಸಬೇಡಿ, ಬಂಡೆಯ ಮೇಲೆಯೇ ಹೋಗಿ. ಆ ಗಿಡಗಳಿಗೆ ಇರುವುದು ಬೆರಳಿನಷ್ಟು ಮಣ್ಣು ಮಾತ್ರ, ಒಮ್ಮೆ ಟಯರ್ ಕೆರೆದರೆ ಕೊಚ್ಚಿ ಹೋಗುತ್ತದೆ. ಇಳಿಯುವಾಗ ಒಂದು ಸುರಂಗ ಸಿಗುತ್ತದೆ. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದದ್ದು, ಬೇಸಿಗೆಯಲ್ಲೂ ಬೆರಳು ದಪ್ಪ ನೀರು. ಮನೆಯವರನ್ನು ಕೇಳಿ ಅಲ್ಲೇ ಮುಖ ತೊಳೆದು ಕುಡಿಯುತ್ತೇವೆ.

ಈ ಹಾಲು ಬೇರೆ ಕಡೆಯೂ ನಿಲ್ಲುತ್ತದಾ ಅಂತ ನೋಡಲು ಡಿಸೆಂಬರಿನಲ್ಲಿ ಪೊಸಡಿ ಗುಂಪೆಗೂ ಹೋದೆ. ಧರ್ಮತ್ತಡ್ಕದ ಹತ್ತಿರ, ಸಾವಿರದ ಅರುವತ್ತು ಅಡಿ ಎತ್ತರ ಅನ್ನುತ್ತಾರೆ. ಕೊನೆಯ ಏರನ್ನು ಸೈಕಲ್ ಹೊತ್ತುಕೊಂಡೇ ಹತ್ತಿದೆ. ಮೇಲೆ ಗಾಳಿಯೋ ಗಾಳಿ, ಪಡುವಣಕ್ಕೆ ಸಮುದ್ರ. ಇಳಿಯುವಾಗ ಒಂದು ಚೂಪು ಕಲ್ಲು ತಾಗಿ ಟಯರ್ ಬದಿಯಲ್ಲಿ ಅರ್ಧ ಸೆಂಟಿಮೀಟರ್ ಸೀಳಿತು. ಹಾಲು ಚಿಮ್ಮಿತು. ತೂತನ್ನು ಕೆಳಗೆ ಮಾಡಿ ಹಿಡಿದು ನೂರು ಎಣಿಸಿದೆ. ನಿಂತಿತು. ಹನ್ನೆರಡು ಪಿಎಸ್‌ಐ ಉಳಿದಿತ್ತು, ಪಂಪ್ ಹೊಡೆದು ಮನೆಗೆ ಬಂದೆ.

ಆಟಿಯ ಆ ದಿನ ನನ್ನ ಜೊತೆ ಇನ್ನು ಇಬ್ಬರು ಇದ್ದರು, ಇಬ್ಬರದ್ದೂ ನನ್ನದಕ್ಕಿಂತ ಮೂರು ಪಟ್ಟು ಬೆಲೆಯ ಸೈಕಲ್. ಒಬ್ಬನಿಗೆ ಎರಡು ಪಂಚರ್. ಎರಡನೆಯದ್ದಕ್ಕೆ ಟ್ಯೂಬ್ ಮುಗಿದಿತ್ತು. ಗೇರು ಮರದಡಿಯಲ್ಲಿ ಮಳೆಗೆ ನೆನೆಯುತ್ತಾ ನನ್ನ ಚೀಲದಲ್ಲಿದ್ದ ಅರುವತ್ತು ಎಂಎಲ್ ಹಾಲನ್ನು ಅವನ ಪ್ಯಾಚ್ ಹಾಕಿದ ಟ್ಯೂಬಿಗೇ ತುಂಬಿದೆವು. ಮನೆಯವರೆಗೆ ಗಾಳಿ ನಿಂತಿತು. ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್: "ಟ್ಯಾಪಿಂಗ್ ಆಯ್ತಾ? ಒಂದು ಲೀಟರ್ ನನಗೂ ಇಡು."

ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ ಕಟ್ಟಿದ್ದರೂ ಹಾಲು ತೆಳು ಇರುತ್ತದೆ. ಆ ಹಾಲಿಗೆ ನೀರಿನ ಪಾಲು ಕಡಿಮೆ ಮಾಡಬೇಕು, ಎಷ್ಟು ಅಂತ ಬೆರಳಿಗೆ ಅಂಟಿಸಿ ನೋಡಿಯೇ ಗೊತ್ತಾಗುವುದು. ಬೇಕಾದವರು ಬೆಳಿಗ್ಗೆ ಹತ್ತರೊಳಗೆ ಬಂದರೆ ಎದುರಲ್ಲೇ ಬೆರೆಸಿ ತೋರಿಸುತ್ತೇನೆ. ಬಾಟಲಿ ನೀವೇ ತನ್ನಿ, ಪ್ಲಾಸ್ಟಿಕ್‌ದೇ ಆಗಬೇಕು.