ಹಿತ್ತಿಲ ಕೆಸರು ಜಾಗಕ್ಕೆ ಮಣ್ಣು ಸುರಿಸಬೇಡಿ, ಗಿಡ ಹಾಕಿ

ಹಿತ್ತಿಲಲ್ಲಿ ಯಾವಾಗಲೂ ಪಿಚಪಿಚ ಅನ್ನುವ ಒಂದು ಮೂಲೆ ಇದೆಯಾ? ಮಲೆನಾಡು, ಕರಾವಳಿ ಕಡೆ ಇದು ಮಾಮೂಲು. ಅದಕ್ಕೆ ಒಂದು ಲೋಡು ಕೆಂಪು ಮಣ್ಣು ಸುರಿಸುತ್ತಾರೆ, ಮುಂದಿನ ಮಳೆಗೆ ಅದೂ ಕೆಸರಾಗುತ್ತದೆ. ಸುಮ್ನೆ ದುಡ್ಡು ದಂಡ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಪೈಪ್ ಒಡೆದಿದ್ದರೆ, ಟಾಯ್ಲೆಟ್ ಗುಂಡಿ ಒಸರುತ್ತಿದ್ದರೆ ರಿಪೇರಿ ಮಾಡಿಸಿ, ತೋಟದ ಮಾತು ಆಮೇಲೆ. ಸೂರಿನ ನೀರು ಅಥವಾ ನೆಲದ ಒರತೆ ಆದರೆ ಚಿಂತೆಯಿಲ್ಲ. ಬಚ್ಚಲಿನ ಸೋಪು ನೀರಿಗೆ ಕಾಬಾಳೆ ಹೂವಿನ ಗಿಡ ಸಾಕು, ತಿನ್ನುವ ಸೊಪ್ಪು ಅಲ್ಲಿ ಬೇಡ. ಗಿಡ ಹಾಕುವ ಜಾಗ ಗೋಡೆ ಬುಡದಿಂದಲೂ ಬಾವಿಯಿಂದಲೂ ದೂರ ಇರಲಿ.

ಬೇಸಿಗೆ ಕೊನೆಗೆ ಒಂದೂವರೆ ಅಡಿ ಅಗೆಯಿರಿ. ಆಗಲೂ ತಳದಲ್ಲಿ ನೀರು ಜಿನುಗಿದರೆ ತೇವ ಹಿಡಿದಿಡಲು ಅಂತ ಪ್ಲಾಸ್ಟಿಕ್ ಶೀಟ್ ಹಾಸಲೇಬೇಡಿ, ಮಳೆಗಾಲದಲ್ಲಿ ಒರತೆ ಅದನ್ನು ಕೆಳಗಿನಿಂದ ಉಬ್ಬಿಸಿ ಗಿಡಗಳನ್ನೆಲ್ಲ ಮೇಲೆತ್ತಿಬಿಡುತ್ತದೆ. ಬೇಸಿಗೆಯಲ್ಲಿ ಒಣಗುವ ಜಾಗವಾದರೆ ದಪ್ಪ ಟಾರ್ಪಾಲು ಹಾಸಿ, ಮೊಳೆಯಿಂದ ಅಲ್ಲಲ್ಲಿ ತೂತು ಮಾಡಿ, ಅಗೆದ ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಸ್ವಲ್ಪ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ನಾತ, ಪಾಚಿ ಎರಡೂ ಗ್ಯಾರಂಟಿ.

ಸೊಳ್ಳೆ ಕಾಟ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸೊಳ್ಳೆ ಮರಿಗೆ ನಿಂತ ನೀರು ಬೇಕು, ಬರೀ ಒದ್ದೆ ಮಣ್ಣು ಸಾಲದು. ಹಾಗಾಗಿ ಗುಂಡಿಯನ್ನು ಮಣ್ಣಿನಿಂದ ಪೂರ್ತಿ ತುಂಬಿ, ಮೇಲೆ ನೀರು ನಿಲ್ಲದಂತೆ ಒಂದು ಕಡೆ ಸಣ್ಣ ಕಾಲುವೆ ಬಿಡಿ. ನೈದಿಲೆ ಬೇಕೇ ಬೇಕು ಅಂದರೆ ಬಿಸಿಲು ಬೀಳುವ ಕಡೆ ಸಿಮೆಂಟ್ ತೊಟ್ಟಿ ಹೂತು, ನಾಲ್ಕಾರು ಗಪ್ಪಿ ಮೀನು ಬಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೊಟ್ಟಿ ಬೇಡವೇ ಬೇಡ.

ಗಿಡಗಳನ್ನು ನರ್ಸರಿಯಲ್ಲಿ ಹುಡುಕುವ ಬದಲು ಅಕ್ಕಪಕ್ಕದವರನ್ನು ಕೇಳಿ. ಒಂದೆಲಗದ ಒಂದು ಬಳ್ಳಿ ಸಿಕ್ಕರೂ ಸಾಕು. ಅದರ ಗೆಣ್ಣು ಗೆಣ್ಣಿಗೂ ಬೇರು ಬರುತ್ತದೆ, ಗೆಣ್ಣನ್ನು ಹೆಬ್ಬೆರಳಿನಿಂದ ಕೆಸರಿಗೆ ಒತ್ತಿ ಎಲೆ ಹೊರಗೆ ಬಿಡಿ. ತಂಬುಳಿಗೆ ಆಗುವಷ್ಟು ಬೇಗ ಹಬ್ಬುತ್ತದೆ. ಬಜೆಯ ಬೇರನ್ನು ಮೊಳಕೆ ಇರುವ ತುಂಡು ನೋಡಿ ಅಡ್ಡಡ್ಡ ಮಲಗಿಸಿ, ಆಳಕ್ಕೆ ಹೂಳಬೇಡಿ. ನೆರಳಿದ್ದರೆ ಕೆಸು, ಪತ್ರೊಡೆಗೆ ಎಲೆ ಮನೆಯಲ್ಲೇ ಸಿಗುತ್ತದೆ. ತುರಿಸದ ಜಾತಿ ಅಂತ ಕೊಡುವವರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಅದು ಸುತ್ತ ಹರಡಿ ಉಳಿದದ್ದನ್ನು ನುಂಗದಿರಲು ತಳ ಕತ್ತರಿಸಿದ ಹಳೇ ಬಕೆಟ್ ಹೂತು ಅದರೊಳಗೆ ನೆಡಿ. ಹಿಂದೆ ಎತ್ತರಕ್ಕೆ ಸುಗಂಧಿ ಇರಲಿ, ಬಿಳಿ ಹೂ, ಸಂಜೆ ಹೊತ್ತು ಹಿತ್ತಿಲೆಲ್ಲ ಘಮ ಘಮ.

ಕಪ್ಪೆ ಬಂದೇ ಬರುತ್ತದೆ, ಕಪ್ಪೆ ಹಿಂದೆ ಹಾವೂ ಬರಬಹುದು. ಸುತ್ತಲಿನ ಹುಲ್ಲು ಕತ್ತರಿಸಿಡಿ, ರಾತ್ರಿ ಟಾರ್ಚ್ ಇಲ್ಲದೆ ಆ ಕಡೆ ಹೋಗಬೇಡಿ. ಕೆರೆಯಲ್ಲಿ ನೇರಳೆ ಹೂ ಬಿಟ್ಟು ತೇಲುವ ಆ ಕಳೆ ಎಷ್ಟೇ ಚೆಂದ ಕಂಡರೂ ತಂದು ತೊಟ್ಟಿಗೆ ಹಾಕಬೇಡಿ. ಹೆಚ್ಚಾಯಿತು ಅಂತ ಯಾರೋ ಚರಂಡಿಗೆಸೆದರೆ ಅದು ಮತ್ತೊಂದು ಕೆರೆಯನ್ನು ಮುಚ್ಚುತ್ತದೆ.