ಹಕ್ಕಿ ಬಡಿದಾಗ ಪೈಲಟ್ ಏನು ಮಾಡಬೇಕು?

ಏರೋ ಇಂಡಿಯಾ ಬಂತೆಂದರೆ ಯಲಹಂಕದ ಸುತ್ತಮುತ್ತ ಮಟನ್ ಅಂಗಡಿಗಳಿಗೆ ಬೀಗ ಬೀಳುತ್ತದೆ. 2025ರಲ್ಲಿ ವಾಯುನೆಲೆಯ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸ ಮಾರುವಂತಿಲ್ಲ ಎಂದು ಬಿಬಿಎಂಪಿ ಆದೇಶಿಸಿತ್ತು. ಭಾನುವಾರದ ಬಾಡೂಟ ತಪ್ಪಿದವರು ಗೊಣಗಿದರೆ ತಪ್ಪಲ್ಲ. ಆದರೆ ಎಸೆದ ಮಾಂಸದ ಚೂರಿಗೆ ಹದ್ದು ಇಳಿಯುತ್ತದೆ, ಹದ್ದು ಸುತ್ತುವ ಕಡೆ ವಿಮಾನಕ್ಕೆ ಅಪಾಯ. ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿವಧೆ ಮಾಡಬಾರದು, ಕಸ ಸುರಿಯಬಾರದು ಎಂದು 1937ರ ವಿಮಾನ ನಿಯಮಾವಳಿಯ 91ನೇ ನಿಯಮವೇ ಹೇಳಿದೆ.

ಇಷ್ಟಾದರೂ ಹಕ್ಕಿ ಬಡಿಯುವುದು ತಪ್ಪಿಲ್ಲ. ಅದೂ ಹೆಚ್ಚಾಗಿ ವಿಮಾನ ಏರುವಾಗ, ಇಳಿಯುವಾಗ. ಅಂದರೆ ಪೈಲಟ್ ಕೈಯಲ್ಲಿ ಎತ್ತರವೂ ಇಲ್ಲದ, ಸಮಯವೂ ಇಲ್ಲದ ಹೊತ್ತಿನಲ್ಲಿ. ಆಗ ಕಾಕ್‌ಪಿಟ್‌ನಲ್ಲಿ ಏನೇನು, ಯಾವ ಕ್ರಮದಲ್ಲಿ ನಡೆಯಬೇಕು? ಸ್ವಲ್ಪ ಹೊತ್ತು ನೀವೇ ಪೈಲಟ್ ಎಂದುಕೊಳ್ಳಿ.

1. ನಿಲ್ಲಬೇಕೋ, ಹಾರಬೇಕೋ?

ಈ ತೀರ್ಮಾನ ಹಕ್ಕಿ ಬಡಿಯುವ ಮೊದಲೇ ಆಗಿರುತ್ತದೆ. ಪ್ರತಿ ಟೇಕಾಫ್‌ಗೂ ಮುನ್ನ ವಿಮಾನದ ತೂಕ, ರನ್‌ವೇ ಉದ್ದ, ಗಾಳಿ ನೋಡಿ ‘ವಿ-ಒನ್’ ಎಂಬ ವೇಗ ಲೆಕ್ಕ ಹಾಕಿರುತ್ತಾರೆ. ಆ ವೇಗ ಮುಟ್ಟುವ ಮೊದಲು ಎಂಜಿನ್ ಕೆಟ್ಟರೆ ಬ್ರೇಕ್. ದಾಟಿದ ಮೇಲಾದರೆ ಮುಂದಿನ ರನ್‌ವೇ ನಿಲ್ಲಲು ಸಾಲದು, ಹಾರಲೇಬೇಕು. ಒಂದೇ ಎಂಜಿನ್‌ನಲ್ಲಿ ಮೇಲೇರುವ ಶಕ್ತಿ ಪ್ರಯಾಣಿಕ ಜೆಟ್‌ಗಳಿಗೆ ಇರುತ್ತದೆ.

2. ಮೊದಲು ವಿಮಾನ ಹಾರಿಸಿ

‘ಢಬ್’ ಎಂಬ ಸದ್ದು, ನಡುಕ, ಕೆಲವೊಮ್ಮೆ ಸುಟ್ಟ ಮಾಂಸದ ವಾಸನೆ. ಕೈ ತಾನಾಗಿ ಯಾವುದೋ ಸ್ವಿಚ್‌ನತ್ತ ಓಡುತ್ತದೆ. ಅದನ್ನು ತಡೆಯುವುದೇ ತರಬೇತಿ. ಮೂತಿ ಎಷ್ಟು ಎತ್ತಿದೆ, ವೇಗ ಎಷ್ಟಿದೆ, ಎತ್ತ ಸಾಗುತ್ತಿದ್ದೇವೆ, ಇಷ್ಟೇ ಮೊದಲು. ಕನಿಷ್ಠ 400 ಅಡಿಯಾದರೂ ಏರುವವರೆಗೆ ಎಂಜಿನ್ ಆರಿಸುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಘಾಟಿ ರಸ್ತೆಯ ‘ಅವಸರವೇ ಅಪಘಾತಕ್ಕೆ ಕಾರಣ’ ಫಲಕ ಕಾಕ್‌ಪಿಟ್‌ನಲ್ಲೂ ಇರಬೇಕಿತ್ತು ಎನಿಸುತ್ತದೆ.

ಒಬ್ಬರು ಹಾರಿಸಬೇಕು, ಇನ್ನೊಬ್ಬರು ಚೆಕ್‌ಲಿಸ್ಟ್ ಓದಬೇಕು. ಇಬ್ಬರೂ ಎಂಜಿನ್ ನೋಡುತ್ತ ಕೂತರೆ ವಿಮಾನ ನೋಡಿಕೊಳ್ಳಲು ಯಾರೂ ಇರುವುದಿಲ್ಲ.

3. ಕೆಟ್ಟಿದ್ದು ಯಾವ ಎಂಜಿನ್?

ಸುಲಭದ ಪ್ರಶ್ನೆ ಅನಿಸಬಹುದು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬೋಯಿಂಗ್ 737 ಬಿದ್ದು 47 ಮಂದಿ ಸತ್ತರು. ಅಲ್ಲಿ ಹಕ್ಕಿಯ ಪಾತ್ರವಿರಲಿಲ್ಲ. ಫ್ಯಾನ್ ಬ್ಲೇಡ್ ಮುರಿದು ಕೆಟ್ಟಿದ್ದು ಎಡ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದು. ಅದಕ್ಕೇ ಇಂದು ಒಬ್ಬರು ಲಿವರ್ ಮೇಲೆ ಕೈಯಿಟ್ಟು ‘ಎಡಗಡೆಯದು’ ಅನ್ನಬೇಕು, ಇನ್ನೊಬ್ಬರು ಮೀಟರ್ ನೋಡಿ ‘ಹೌದು’ ಎನ್ನಬೇಕು. ಆಮೇಲೆ ಇಂಧನ ನಿಲ್ಲಿಸುವುದು, ಬೆಂಕಿಯಿದ್ದರೆ ಆರಿಸುವ ಅನಿಲ ಬಿಡುವುದು.

2022ರ ಜೂನ್ 19ರಂದು ಪಟ್ನಾದಿಂದ ದೆಹಲಿಗೆ ಹೊರಟ ಸ್ಪೈಸ್‌ಜೆಟ್ ವಿಮಾನಕ್ಕೆ ಹಕ್ಕಿ ಬಡಿದು ಎಡ ಎಂಜಿನ್ ಹೊತ್ತಿಕೊಂಡಿತು. ಕ್ಯಾಪ್ಟನ್ ಮೋನಿಕಾ ಖನ್ನಾ ಅದನ್ನು ಆರಿಸಿ, ಉಳಿದ ಒಂದರಲ್ಲೇ ಸುತ್ತು ಹಾಕಿ ಪಟ್ನಾಕ್ಕೇ ಮರಳಿ ಇಳಿಸಿದರು. 185 ಪ್ರಯಾಣಿಕರೂ ಕ್ಷೇಮ.

4. ಈಗ ಮಾತಾಡಿ

ನೆಲದ ವಿಮಾನ ನಿಯಂತ್ರಣ ಕೊಠಡಿಗೆ ಮೂರು ಸಲ ‘ಮೇಡೇ’, ಅಂದರೆ ಪ್ರಾಣಾಪಾಯದ ಕರೆ. ಏನಾಯಿತು, ಏನು ಮಾಡುತ್ತಿದ್ದೀರಿ ಎಂದು ಒಂದೇ ಸಾಲಿನಲ್ಲಿ. ರಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ 7700, ಅಂದರೆ ತುರ್ತುಸ್ಥಿತಿಯ ಕೋಡ್.

5. ಎಲ್ಲಿ ಇಳಿಸುವುದು?

ಒಂದು ಎಂಜಿನ್ ನೆಟ್ಟಗಿದ್ದರೆ ಹತ್ತಿರದ ಸೂಕ್ತ ರನ್‌ವೇ. ಎರಡೂ ಹೋದರೆ?

2009ರ ಜನವರಿ 15. ನ್ಯೂಯಾರ್ಕ್‌ನ ಲಗಾರ್ಡಿಯಾದಿಂದ ಏರಿದ ಏರ್‌ಬಸ್ ಎ320ಕ್ಕೆ ಸುಮಾರು 2,800 ಅಡಿಯಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು ಎದುರಾಯಿತು. ಒಂದೊಂದೂ ಮೂರ್ನಾಲ್ಕು ಕಿಲೋ ತೂಗುವ ಹಕ್ಕಿ. ಹಾರಿಸುತ್ತಿದ್ದವರು ಸಹಪೈಲಟ್ ಜೆಫ್ರಿ ಸ್ಕೈಲ್ಸ್. ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ನಿಯಂತ್ರಣ ತೆಗೆದುಕೊಂಡು, ಚೆಕ್‌ಲಿಸ್ಟ್‌ನ ಸರದಿಗೆ ಕಾಯದೆ ಬಾಲದಲ್ಲಿರುವ ಸಹಾಯಕ ಎಂಜಿನ್ ಚಾಲು ಮಾಡಿದರು. ಅದರಿಂದ ವಿದ್ಯುತ್ ಪೂರೈಕೆ ಕಡಿಯಲಿಲ್ಲ. ಸ್ಕೈಲ್ಸ್ ಹಿಡಿದಿದ್ದ ಚೆಕ್‌ಲಿಸ್ಟ್ 20,000 ಅಡಿ ಮೇಲೆ ಎಂಜಿನ್ ನಿಂತರೆ ಎಂದು ಬರೆದದ್ದು, ಕೊನೆ ಮುಟ್ಟಲು ಪುರಸೊತ್ತೇ ಸಿಗಲಿಲ್ಲ. ಮೇಡೇ ಹೇಳುವಾಗ ಕ್ಯಾಪ್ಟನ್ ತಮ್ಮ ವಿಮಾನದ ಸಂಖ್ಯೆಯನ್ನೇ ತಪ್ಪಾಗಿ ಹೇಳಿದರು: 1549 ಬದಲು 1539. ಆದರೆ ತೀರ್ಮಾನ ತಪ್ಪಲಿಲ್ಲ. ಲಗಾರ್ಡಿಯಾ, ಹತ್ತಿರದ ಟೆಟರ್‌ಬರೊ ನಿಲ್ದಾಣ ಎರಡೂ ಕೈಗೆಟುಕವು ಎಂದು ಅರಿತು ಹಡ್ಸನ್ ನದಿಯನ್ನೇ ಆರಿಸಿಕೊಂಡರು. ಬಡಿದ ಮೂರೂವರೆ ನಿಮಿಷಕ್ಕೆ ವಿಮಾನ ನೀರಿನ ಮೇಲಿತ್ತು. 155 ಮಂದಿಯೂ ಬದುಕಿದರು.

ರನ್‌ವೇ ಆಸೆ ಬಿಡುವುದೇ ಇಲ್ಲಿ ಕಷ್ಟದ ಕೆಲಸ. 2019ರ ಆಗಸ್ಟ್ 15ರಂದು ಮಾಸ್ಕೋ ಹತ್ತಿರದ ಝುಕೋವ್‌ಸ್ಕಿಯಲ್ಲಿ ಕಡಲಕ್ಕಿಗಳು ಬಡಿದಾಗ ದಮೀರ್ ಯುಸುಪೊವ್ ಕೂಡ ಆ ಆಸೆ ಬಿಟ್ಟರು. ಚಕ್ರ ಇಳಿಸದೆಯೇ ವಿಮಾನವನ್ನು ಮೆಕ್ಕೆಜೋಳದ ಹೊಲದಲ್ಲಿ ಹೊಟ್ಟೆಯ ಮೇಲೆ ಇಳಿಸಿದರು. ಒಳಗಿದ್ದ 233 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

6. ಪ್ರಯಾಣಿಕರಾಗಿ ನೀವು

‘ಬ್ರೇಸ್’ ಎಂದರೆ ಬಾಗಿ ತಲೆ ತಗ್ಗಿಸಿ. ಬ್ಯಾಗು ಅಲ್ಲೇ ಬಿಡಿ. ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಕಟ್ಟುವುದು ಎಂದು ಗಗನಸಖಿ ತೋರಿಸುವಾಗ ಮೊಬೈಲ್ ನೋಡಬೇಡಿ. ಹಡ್ಸನ್‌ನಲ್ಲಿ ಅದನ್ನು ಸರಿಯಾಗಿ ಧರಿಸಿ ಹೊರಬಂದವರು ಬೆರಳೆಣಿಕೆಯಷ್ಟು.

7. ಇಳಿದ ಮೇಲೆ

ಮೂತಿ, ರೆಕ್ಕೆಯಂಚು, ಎಂಜಿನ್, ಚಕ್ರದ ಗೂಡು ತಪಾಸಣೆಯಾಗದೆ ವಿಮಾನ ಮತ್ತೆ ಹಾರಕೂಡದು. ಪೆಟ್ಟು ಕಾಣದಿದ್ದರೂ ವರದಿ ಬರೆಯಬೇಕು. ರಕ್ತದ ಕಲೆ, ಗರಿಯ ಎಳೆ ಸಿಕ್ಕರೆ ತೊಳೆದು ಬಿಡದೆ ಎತ್ತಿಡಬೇಕು. ಹಡ್ಸನ್‌ನಿಂದ ಮೇಲೆತ್ತಿದ ಎಂಜಿನ್‌ಗಳಲ್ಲಿ ಸಿಕ್ಕ ಗರಿಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, ಇವು ನ್ಯೂಯಾರ್ಕ್‌ನಲ್ಲೇ ಬೀಡುಬಿಟ್ಟ ಹೆಬ್ಬಾತುಗಳಲ್ಲ, ಉತ್ತರದಿಂದ ವಲಸೆ ಬಂದವು ಎಂದು ಪತ್ತೆ ಮಾಡಿದರು. ಊರಿನ ಹಕ್ಕಿಯಾದರೆ ನಿಲ್ದಾಣದ ಸುತ್ತಲಿನ ಹುಲ್ಲು, ಕೆರೆ ನೋಡಿಕೊಂಡರೆ ಸ್ವಲ್ಪ ತಡೆಯಬಹುದು. ವಲಸೆ ಹಕ್ಕಿಗೆ ಬೇಕಾದದ್ದು ರಡಾರ್, ಮತ್ತು ಅದು ಯಾವ ತಿಂಗಳಲ್ಲಿ, ಯಾವ ದಾರಿಯಲ್ಲಿ ಬರುತ್ತದೆಂಬ ಲೆಕ್ಕ.