ನಿಂತಲ್ಲೇ ಕರೆಂಟು ಕುಡಿಯುತ್ತಿದ್ದ ಕಾರು

ನಮ್ಮ ಕಾರು ಆಚೆ ಹೊರಡುವುದು ಭಾನುವಾರ ಮಾತ್ರ, ತೀರ್ಥಹಳ್ಳಿಯ ಮಾವನ ಮನೆಗೆ. ಉಳಿದ ದಿನ ಶಿವಮೊಗ್ಗದ ಮನೆ ಮುಂದೆ ಸುಮ್ನೆ ನಿಂತಿರುತ್ತದೆ. ಕಳೆದ ಮಳೆಗಾಲದಲ್ಲಿ ಸತತ ಮೂರು ಭಾನುವಾರ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. "ಬ್ಯಾಟರಿ ಹೋಗಿದೆ ಸಾರ್" ಅಂದರು ಅಂಗಡಿಯವರು. ಹೊಸದು ಹಾಕಿಸಿದೆ. ಒಂದೇ ವಾರ, ಮತ್ತೆ ಟಿಕ್ ಟಿಕ್.

ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2 ವೋಲ್ಟ್ ಬರುತ್ತಿತ್ತು. ಅಂದರೆ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗೇ ಇದೆ. ಫುಲ್ ಚಾರ್ಜ್ ಮಾಡಿ ಬಿಟ್ಟಾಗ 12.6 ಇದ್ದದ್ದು ಮೂರನೇ ದಿನಕ್ಕೆ 11.9. ಆಫ್ ಮಾಡಿದ ಮೇಲೂ ಏನೋ ಕರೆಂಟು ಎಳೆಯುತ್ತಿದೆ ಅಂತ ಖಾತ್ರಿಯಾಯಿತು.

ಮನೆಯಲ್ಲಿದ್ದ ಮಲ್ಟಿಮೀಟರ್ (ವೋಲ್ಟ್, ಕರೆಂಟು ಅಳೆಯುವ ಮೀಟರ್) ತಂದೆ. ಕೆಂಪು ವೈರನ್ನು 10 ಆಂಪ್ ತೂತಿಗೇ ಹಾಕಬೇಕು. ನಾನು ಮೊದಲು ಮಿಲಿಆಂಪ್ ತೂತಿಗೆ ಹಾಕಿ ಮೀಟರಿನ ಫ್ಯೂಸ್ ಸುಟ್ಟುಕೊಂಡೆ. 10ರ ಸ್ಪ್ಯಾನರ್‌ನಲ್ಲಿ ಮೈನಸ್ ಕೇಬಲ್ ಬಿಚ್ಚಿ, ಬ್ಯಾಟರಿಗೂ ಕೇಬಲ್‌ಗೂ ನಡುವೆ ಮೀಟರ್ ಸೇರಿಸಿದೆ. ಹೀಗಿರುವಾಗ ತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರ್ ಗೋವಿಂದ.

ಮೀಟರ್ 2.8 ಆಂಪ್ ತೋರಿಸಿತು! ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಬಾಗಿಲು ತೆರೆದೇ ಇದೆ, ಒಳಗಿನ ಲೈಟ್ ಉರಿಯುತ್ತಿದೆ. ಈಗಿನ ಕಾರುಗಳಲ್ಲಿ ಇದೇ ತಾಪತ್ರಯ. ಲಾಕ್ ಮಾಡಿದ ತಕ್ಷಣ ಅವು ಮಲಗುವುದಿಲ್ಲ. ಒಳಗಿನ ಕಂಪ್ಯೂಟರ್‌ಗಳು ಒಂದೊಂದಾಗಿ ಆಫ್ ಆಗಲು ಅರ್ಧ ಗಂಟೆ ಬೇಕಾದರೂ ಬೇಕು. ಮಧ್ಯೆ ಬಾಗಿಲು ತೆಗೆದರೆ ಎಲ್ಲ ಎದ್ದು ಕೂರುತ್ತವೆ, ಮೊದಲಿಂದ ಕಾಯಬೇಕು.

ಆದರೆ ಕರೆಂಟು ಎಳೆಯುತ್ತಿರುವುದು ಯಾವುದು ಅಂತ ಹುಡುಕಲು ಬೇಕಾದ ಫ್ಯೂಸ್ ಬಾಕ್ಸ್ ಇರುವುದು ಸ್ಟೀರಿಂಗ್ ಕೆಳಗೆ, ಬಾಗಿಲು ತೆರೆಯದೆ ಕೈ ಹೋಗುವುದಿಲ್ಲ. ಇದಕ್ಕೊಂದು ಉಪಾಯ ಇದೆ. ಬಾಗಿಲು ತೆರೆದಿರುವಾಗಲೇ ಅದರ ಅಂಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಎರಡು ಸಲ ಟಕ್ ಟಕ್ ಅಂತ ಒತ್ತಿದೆ. ಬಾಗಿಲು ಹಾಕಿದೆ ಅಂತ ಕಾರು ನಂಬಿತು, ಲೈಟ್ ಆರಿತು. (ಕೊನೆಗೆ ಹಿಡಿ ಎಳೆದು ಕೊಕ್ಕೆ ಬಿಡಿಸಿಯೇ ಬಾಗಿಲು ಹಾಕಬೇಕು. ನಾನು ಮರೆತು ಬಡಿದೆ. ಅಲ್ಲಿ ಪೇಂಟ್ ಎದ್ದಿರುವುದು ಈಗಲೂ ಕಾಣುತ್ತೆ.)

ಕಾಫಿ ಕುಡಿದು, ಪೇಪರ್ ಓದಿ ಬಂದೆ. ಮೀಟರ್ 0.38 ಆಂಪ್‌ಗೆ ಇಳಿದು ಅಲ್ಲೇ ನಿಂತಿತ್ತು. ಸಾಮಾನ್ಯವಾಗಿ 0.05ರ ಒಳಗಿರಬೇಕು. ಲೆಕ್ಕ ಹಾಕಿ ನೋಡಿ: 0.38ನ್ನು 24ರಿಂದ ಗುಣಿಸಿದರೆ ದಿನಕ್ಕೆ 9 ಆಂಪ್-ಅವರ್. ನನ್ನ ಬ್ಯಾಟರಿ ಇರುವುದೇ 35 ಆಂಪ್-ಅವರ್‌ನದ್ದು. ಮೂರು ದಿನಕ್ಕೆ ಮುಕ್ಕಾಲು ಪಾಲು ಖಾಲಿ ಅಲ್ವಾ?

ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವವರಿದ್ದಾರೆ. ಕಿತ್ತು ಮತ್ತೆ ಹಾಕುವಾಗ ಯಾವುದಾದರೂ ಕಂಪ್ಯೂಟರ್ ಎಚ್ಚರವಾಗಬಹುದು, ಅದಕ್ಕೇ ನನಗೆ ಆ ದಾರಿ ಇಷ್ಟವಿಲ್ಲ. ಕೇಬಲನ್ನು ಮೊದಲು ಬ್ಯಾಟರಿಗೆ ಹಾಕಿ, ಆಮೇಲೆ ಮೀಟರ್ ಬಿಡಿಸಿಕೊಂಡೆ. ಅದನ್ನು 200 ಮಿಲಿವೋಲ್ಟ್‌ಗೆ ತಿರುಗಿಸಿ, ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಿದೆ. ಪ್ರತಿ ಫ್ಯೂಸಿನ ನೆತ್ತಿಯ ಮೇಲೂ ಸಾಸಿವೆ ಕಾಳಿನಷ್ಟು ಎರಡು ಲೋಹದ ಚುಕ್ಕಿಗಳಿರುತ್ತವೆ. ಎರಡಕ್ಕೂ ಮೀಟರ್ ವೈರುಗಳ ಮುಳ್ಳು ತಾಗಿಸಿದರೆ ಸಾಕು. ಸೊನ್ನೆ ಬಂದರೆ ಅದರಲ್ಲಿ ಕರೆಂಟು ಹರಿಯುತ್ತಿಲ್ಲ. ಸೊನ್ನೆ, ಸೊನ್ನೆ, 0.1, ಸೊನ್ನೆ... ಆಡಿಯೋದ 15 ಆಂಪ್ ಫ್ಯೂಸಿಗೆ ಬಂದಾಗ 1.7.

ಮೀಟರನ್ನು ವಾಪಸ್ ಬ್ಯಾಟರಿ ಹತ್ತಿರ ಮೊದಲಿನಂತೆ ಜೋಡಿಸಿ ಆ ಫ್ಯೂಸ್ ಕಿತ್ತೆ. 0.02!

ಹೊರಗಿನಿಂದ ತಂದು ಹಾಕಿಸಿದ್ದ ಆಂಡ್ರಾಯ್ಡ್ ಸ್ಟೀರಿಯೋ ಅದು. ಹೊರಗೆಳೆದಾಗ ಬೆನ್ನು ಉಗುರುಬೆಚ್ಚಗಿತ್ತು, ರಾತ್ರಿಯಿಂದ ಕಾರು ಸ್ಟಾರ್ಟ್ ಮಾಡಿರದಿದ್ದರೂ. ಹಳದಿ ವೈರು ಯಾವಾಗಲೂ ಕರೆಂಟು ಇರುವಂಥದ್ದು, ಮೆಮೊರಿಗೆ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಇಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿದ್ದರು. ಸ್ಕ್ರೀನ್ ಕಪ್ಪಾಗುತ್ತಿತ್ತು, ಸ್ಟೀರಿಯೋ ಮಾತ್ರ ಎಚ್ಚರವಾಗೇ ಇತ್ತು. ಹಾಕಿದವರನ್ನು ಬಯ್ಯಲು ಬಾಯಿ ತೆರೆದೆ, ಅಷ್ಟರಲ್ಲಿ ನೆನಪಾಯಿತು. ಕೀ ಹಾಕದೆಯೂ ಹಾಡು ಬರಬೇಕು ಅಂತ ಕೇಳಿ ಮಾಡಿಸಿಕೊಂಡಿದ್ದು ನಾನೇ.

ಕೆಂಪು ವೈರನ್ನು ಬಿಡಿಸಿ, ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಆಕ್ಸೆಸರಿ ಲೈನಿಗೆ ಕೊಟ್ಟೆ. ಮೊನ್ನೆ ಹನ್ನೊಂದು ದಿನ ನಿಂತಿದ್ದ ಕಾರು ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಕೀ ತೆಗೆದ ಕೂಡಲೇ ಹಾಡು ನಿಲ್ಲುತ್ತೆ ಅಂತ ಮಗಳ ಗೊಣಗಾಟ ಇನ್ನೂ ನಿಂತಿಲ್ಲ.